ಮುಖ ಮರೆಯದ ಕ್ಯಾಮೆರಾ

ಕಟಕ್!

ನನ್ನ ಕ್ಯಾಮೆರಾ ಬಾಯಿಬಿಟ್ಟಿದ್ದು ಅಷ್ಟೇ. ಪಾರ್ಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಾನು ಪೊದೆಯ ಹಿಂದೆ ಮಂಡಿಯೂರಿ ಕೂತಿದ್ದೆ. ಎದುರಿನ ಬೆಂಚಿನ ಮೇಲೆ ಒಬ್ಬ ಮುದುಕರು, ಪಕ್ಕದಲ್ಲಿ ಒಬ್ಬ ಹೆಂಗಸು. ಅವಳ ಮುಖ ಛತ್ರಿಯ ಮರೆಯಲ್ಲಿತ್ತು. ಆ ಛತ್ರಿ ತುಸು ವಾಲಿದ್ದರೆ ಕೇಸ್ ಮುಗಿಯುತ್ತಿತ್ತು… ವಾಲಲಿಲ್ಲ. ಬದಲಿಗೆ ಪಾರ್ಕಿನ ಕಾವಲುಗಾರ ಬಂದ. ಕೈಯಲ್ಲಿ ದೊಣ್ಣೆ, ಜೊತೆಗೆ ನಾಯಿ.

ಯಾವನೋ ಹಲ್ಕಾ, ಪೊದೆ ಸಂದಿಯಿಂದ ಹೆಂಗಸರ ಫೋಟೋ ತೆಗೆಯುತ್ತಿದ್ದಾನೆ ಅಂದುಕೊಂಡ. ಅವನದೇನೂ ತಪ್ಪಿಲ್ಲ, ನೋಡಿದರೆ ಹಾಗೇ ಕಾಣುತ್ತಿತ್ತು. ವಿವರಿಸೋಣ ಅಂತ ಬಾಯಿ ತೆರೆದೆ. ನಾಯಿಯೂ ತೆರೆಯಿತು.

ಓಡಿದೆ.

ಗುಲಾಬಿ ಪಾತಿ ಹಾರಿದೆ. ಮಕ್ಕಳ ಜಾರುಬಂಡೆಯ ಕೆಳಗೆ ನುಸುಳಿದೆ. ಪ್ಯಾಂಟಿನ ಒಂದು ಕಾಲನ್ನು ನಾಯಿಗೆ ಬಿಟ್ಟುಕೊಟ್ಟು ಕೊಳಕ್ಕೆ ಬಿದ್ದೆ. ಕ್ಯಾಮೆರಾ ನನಗಿಂತ ಮೊದಲೇ ತಳ ಸೇರಿತ್ತು. ಇಟ್ಟಿಗೆಯಷ್ಟು ತೂಕದ ಹಳೇ ಮಾಲು, ಅದರಿಂದ ಇನ್ನೇನು ನಿರೀಕ್ಷಿಸುವುದು?

ನನ್ನ ಕಸುಬು ಹೇಳಿಬಿಡುತ್ತೇನೆ. ಖಾಸಗಿ ಪತ್ತೇದಾರ. ಯಾರು ಯಾರ ಜೊತೆ ಎಲ್ಲಿಗೆ ಹೋಗುತ್ತಾರೆ ಅಂತ ಹಿಂಬಾಲಿಸಿ ಫೋಟೋ ಕೊಡುವುದು. ಈ ಸಲ ಕೇಸ್ ಕೊಟ್ಟವನನ್ನು ಎಲ್ಲರೂ ಲಾರಿ ಅಂತಲೇ ಕರೆಯುತ್ತಾರೆ. ಸಾಲುಗಟ್ಟಲೆ ಲಾರಿ ಓಡಿಸುವ ಆಸಾಮಿ, ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರುವಷ್ಟು ಅಗಲ. ಬೆಂಚಿನ ಮೇಲಿದ್ದ ಮುದುಕರು ಅವನ ಅಪ್ಪ. ಹೆಂಡತಿ ತೀರಿಕೊಂಡ ಮೇಲೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ತಿರುಗುತ್ತಿದ್ದವರು, ಈಚೆಗೆ ಹಕ್ಕಿ ಬಿಟ್ಟು ಯಾವಳೋ ಹೆಂಗಸಿನ ಜೊತೆ ಕೂತು ನಗುತ್ತಾರಂತೆ. ಲಾರಿ ರೇಗಿ ಆ ಕ್ಯಾಮೆರಾ ಕಿತ್ತುಕೊಂಡು ಮಾರಿಬಿಟ್ಟ. ಮುದುಕರು ಬರಿಗೈಯಲ್ಲೇ ಪಾರ್ಕಿಗೆ ಹೋದರು.

"ಅವಳ ಮುಖ ತೋರ್ಸು ಸಾಕು. ಮಿಕ್ಕಿದ್ದು ನಾನ್ ನೋಡ್ಕೋತೀನಿ," ಅಂದಿದ್ದ ಲಾರಿ. "ಸಂಜೆ ಒಳಗೆ ಫೋಟೋ ಬರ್ಲಿಲ್ಲ ಅಂದ್ರೆ ಈ ಊರಲ್ಲಿ ನಿನ್ನ ಬೋರ್ಡೂ ಇರಲ್ಲ, ನೀನೂ ಇರಲ್ಲ."

ತೊಟ್ಟಿಕ್ಕುತ್ತ ಮನೆಗೆ ಹೋದೆ. ಹೆಂಡತಿ ಆಫೀಸಿಗೆ ಹೋಗಿದ್ದಳು, ಅತ್ತೆ ಮಾತ್ರ ಇದ್ದರು. ಮಾವ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಲೆಕ್ಕದ ಟೀಚರಾಗಿ ನಿವೃತ್ತರಾದವರು. ಅಡುಗೆಮನೆಯಲ್ಲಿ ಒಂದು ಚಮಚ ಜಾಗ ಬದಲಿಸಿದರೂ ವಿಚಾರಣೆ ನಡೆಸುವ ಹೆಂಗಸು. ಅವತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿ ಟವೆಲ್ ಕೊಟ್ಟರು. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕ್ಯಾಮೆರಾ ಹೋಯಿತು, ಸೆಕೆಂಡ್ ಹ್ಯಾಂಡಲ್ಲಿ ಚಿಕ್ಕದೊಂದು ಈಗಲೇ ತರಬೇಕು ಅಂದೆ. ಚೌಕಾಸಿಗೆ ನಾನೂ ಬರುತ್ತೇನೆ ಅಂತ ಅತ್ತೆ ಚಪ್ಪಲಿ ಮೆಟ್ಟಿ ನಿಂತೇಬಿಟ್ಟರು. ಯಾವ ಅಂಗಡಿ ಅಂತಲೂ ಅವರೇ ಹೇಳಿದರು.

ಮೆಟ್ಟಿಲ ಕೆಳಗಿನ ಕಿರುಮಳಿಗೆ. ಅಂಗಡಿಯವನು ಕಡ್ಡಿಪೈಲ್ವಾನ, ಮಾತು ಮಾತ್ರ ದಪ್ಪ. ನನಗೆ ಬೇಕಾದದ್ದನ್ನು ಹೇಳಿದೆ. ಜೇಬಿಗೆ ಇಳಿಯಬೇಕು, ಸದ್ದಿಲ್ಲದೆ ಫೋಟೋ ತೆಗೆಯಬೇಕು, ನಡೆಯುತ್ತ ವಿಡಿಯೋ ಮಾಡಿದರೂ ನಡುಗಬಾರದು. ಹಾಗಾದರೆ ಮಿರರ್‌ಲೆಸ್ಸೇ ಸರಿ, ಒಳಗೆ ಕನ್ನಡಿಯೇ ಇಲ್ಲ, ಕಟಕ್ ಅಂತ ಬಡಿದುಕೊಳ್ಳುವ ಮಾತೇ ಇಲ್ಲ ಅಂತ ನಾಲ್ಕೈದು ಮುಂದಿಟ್ಟ. ಒಂದರ ಲೆನ್ಸಿಗೆ ಟಾರ್ಚ್ ಬಿಟ್ಟೆ, ಒಳಗೆಲ್ಲ ಬೂಷ್ಟು. ಇನ್ನೊಂದರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದೆ, ಗೋಡೆಗೆ ಅಮ್ಮ ಬಂದ ಹಾಗೆ ಚುಕ್ಕೆ ಚುಕ್ಕೆ ಕಂಡಿತು. ಸೆನ್ಸಾರ್ ತುಂಬ ಧೂಳು. ಒಬ್ಬರೇ ಓನರ್, ಡಾಕ್ಟರು, ಭಾನುವಾರ ಮಾತ್ರ ಮುಟ್ಟುತ್ತಿದ್ದರು ಅಂದ ಅವನು. ಎಲ್ಲ ಕ್ಯಾಮೆರಾಕ್ಕೂ ಅದೇ ಡಾಕ್ಟರು.

ಅತ್ತೆ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಕಪಾಟಿನ ಮೂಲೆಗೆ ಬೆರಳು ಮಾಡಿದರು. ಬೆಳ್ಳಿ ಬಣ್ಣದ ಪುಟ್ಟ ಕ್ಯಾಮೆರಾ. ಕೈಗೆ ತಗೊಂಡು ಕರ್ಚೀಫಿನಿಂದ ಮೆಲ್ಲಗೆ ಒರೆಸಿದರು.

"ಇದೇ ಇರ್ಲಿ," ಅಂದರು.

ಪರೀಕ್ಷೆ ಮಾಡದೆ ನಾನು ಅಡುಗೆಮನೆಯ ಬೆಂಕಿಪೊಟ್ಟಣವನ್ನೂ ಕೊಳ್ಳುವವನಲ್ಲ. ಇಂಥ ಚಿಕ್ಕ ಕ್ಯಾಮೆರಾಗಳಿಗೆ ವಿಡಿಯೋ ಶುರು ಮಾಡಿದರೆ ಮೈ ಕಾದು ನಡುವೆ ಮಲಗಿಬಿಡುವ ಚಾಳಿ ಇರುತ್ತದೆ. ಬಾಗಿಲಿಗೆ ಎದುರಾಗಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿ ರೆಕಾರ್ಡ್ ಒತ್ತಿದೆ. ಓಡುತ್ತಿರಲಿ, ನೋಡೋಣ ಅಂದೆ.

ಫೋನ್ ಬಂತು. ಲಾರಿ. ಎಲ್ಲಿದ್ದೀಯ ಅಂದ. ಕ್ಯಾಮೆರಾ ಅಂಗಡಿಯಲ್ಲಿ ಅಂದೆ. ಯಾವ ಅಂಗಡಿ ಅಂತ ಕೇಳಿಕೊಂಡು, ಅಲ್ಲೇ ಇರು ಅಂದ.

ಫೋನ್ ಇಟ್ಟು ತಲೆಯೆತ್ತಿದೆ. ಸ್ಕ್ರೀನಿನಲ್ಲಿ ಮೂರು ಮುಖ. ನನ್ನದು, ಅಂಗಡಿಯವನದು, ಅತ್ತೆಯದು. ಫೋಕಸ್ಸಿನ ಹಳದಿ ಚೌಕ ನಮ್ಮಿಬ್ಬರನ್ನೂ ಬಿಟ್ಟು ಅತ್ತೆಯ ಮುಖದ ಮೇಲೆ ಕೂತಿತ್ತು. ನಾನು ಅವರ ಮುಂದಕ್ಕೆ ತಲೆ ತೂರಿಸಿದೆ. ಕ್ಯಾಮೆರಾ ಕ್ಯಾರೇ ಅನ್ನಲಿಲ್ಲ. ನಾನು ಸರಿದ ತಕ್ಷಣ ಚೌಕ ಮತ್ತೆ ಅವರ ಮೇಲೆಯೇ. ಚೌಕದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು. ಕೂಡಿಸಿ ಓದಿದೆ.

ಬಂಗಾರ.

ಇದೇನು ಅಂತ ಅಂಗಡಿಯವನನ್ನು ಕೇಳಿದೆ. ತಮಗೆ ಬೇಕಾದವರ ಮುಖವನ್ನು ಹೆಸರಿನ ಸಮೇತ ಇದರಲ್ಲಿ ತುಂಬಿಸಿಡಬಹುದು, ಆಮೇಲೆ ಎಷ್ಟು ಜನರ ನಡುವೆ ನಿಂತರೂ ಕ್ಯಾಮೆರಾ ಅವರನ್ನೇ ಮೊದಲು ಹಿಡಿಯುತ್ತದೆ ಅಂದ. ಹಳೇ ಓನರ್ ಅಳಿಸದೆ ಕೊಟ್ಟಿರಬೇಕಂತೆ. ಡಾಕ್ಟರಾ ಅಂತ ಕೇಳಿದೆ. ಅಲ್ಲ, ಲಾರಿ ಓಡಿಸುವ ಒಬ್ಬ ದಪ್ಪ ಮನುಷ್ಯ ತಂದುಕೊಟ್ಟ ಅಂದ.

ಅತ್ತೆಯ ಕಡೆ ತಿರುಗಿದೆ. ಅವರು ಫ್ಯಾನ್ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು.

"ಕೊಳದ ನೀರು ತಣ್ಣಗಿತ್ತಾ ಅಳಿಯಂದ್ರೇ?"

ನೀವೇ ಹೇಳಿ, ನನಗೆ ಹೇಗಾಗಿರಬೇಡ. ಊರವರ ಗುಟ್ಟನ್ನೆಲ್ಲ ರಟ್ಟು ಮಾಡುವ ನಾನು ನಮ್ಮ ಮನೆಯ ಛತ್ರಿಯನ್ನೇ ಗುರುತು ಹಿಡಿದಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಲಾರಿಗೆ ಆ ಮುಖ ಸಿಕ್ಕರೆ ಅತ್ತೆಯ ಗತಿಯೇನು?

"ಹೊರಡಿ ಅತ್ತೆ. ಅವ್ರ ಮಗ ಬರ್ತಿದಾನೆ…"

"ಬರ್ಲಿ. ನಾನ್ಯಾಕೆ ಓಡ್ಲಿ? ಬೆಳಿಗ್ಗೆ ನೀವು ಓಡಿದ್ದೇ ಸಾಕು."

ಬಾಗಿಲು ಕತ್ತಲಾಯಿತು. ಲಾರಿ ಅಡ್ಡ ತಿರುಗಿ ಒಳಗೆ ಬಂದ. ಬೆನ್ನಿಗೆ ಇಬ್ಬರು. ನಾನು ಕ್ಯಾಮೆರಾಗೆ ಅಡ್ಡ ನಿಂತೆ, ತಡವಾಗಿತ್ತು. ಅಪ್ಪನ ಕ್ಯಾಮೆರಾ ಅವನ ಕಣ್ಣಿಗೆ ಬಿತ್ತು. ಆಮೇಲೆ ಸ್ಕ್ರೀನ್ ನೋಡಿದ. ಅಷ್ಟು ಮುಖಗಳಲ್ಲಿ ಚೌಕ ಕೂತಿದ್ದ ಒಂದೇ ಮುಖ ನೋಡಿದ. ತುಟಿ ಅಲ್ಲಾಡಿಸುತ್ತ ಹೆಸರು ಓದಿದ.

"ಇವಳೇನಾ?"

"ಅವರು ನಮ್ಮ ಅತ್ತೆ. ಬಹುವಚನ ಇರ್ಲಿ."

ಅವನು ನನ್ನನ್ನು ಪರದೆಯ ಹಾಗೆ ಪಕ್ಕಕ್ಕೆ ಸರಿಸಿದ. ಇನ್ನೊಂದು ಸಲ ಪಾರ್ಕಿನ ಹತ್ತಿರ ಕಂಡರೆ ಲಾರಿ ಹತ್ತಿಸುತ್ತೇನೆ, ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕುತ್ತೇನೆ ಅಂತ ಗುಡುಗಿದ. ಅತ್ತೆ ಕದಲಲಿಲ್ಲ. ಅವನು ಕೈ ಎತ್ತಿದ. ನಾನು ನಡುವೆ ನುಗ್ಗಿದೆ. ಏಟು ಈಗ ಬೀಳುತ್ತದೆ, ಈಗ ಬೀಳುತ್ತದೆ…

ಬೀಳಲಿಲ್ಲ.

ಲಾರಿ ನನ್ನ ತಲೆಯ ಮೇಲಿಂದ ಸ್ಕ್ರೀನ್ ನೋಡುತ್ತಿದ್ದ. ಅದರಲ್ಲಿ ಒಬ್ಬ ದಾಂಡಿಗ, ತಾಯಿಯ ವಯಸ್ಸಿನ ಹೆಂಗಸಿನ ಮೇಲೆ ಕೈ ಎತ್ತಿ ನಿಂತಿದ್ದ. ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಿತ್ತು.

"ಮೊದಲಿಂದ ಓಡ್ತಿದೆಯಪ್ಪ," ಅಂದರು ಅತ್ತೆ. "ಇದ್ರ ಮೈಕು ಚೆನ್ನಾಗಿದೆ ಅಂತ ನಿಮ್ಮಪ್ಪ ಹೇಳ್ತಾನೇ ಇರ್ತಾರೆ. ಲಾರಿಗಳೆಲ್ಲ ಇನ್ನೂ ಅವ್ರ ಹೆಸರಲ್ಲೇ ಇವೆ ಅಲ್ವಾ? ನೋಡ್ಲಿ ಪಾಪ, ಮಗ ಹೇಗೆ ಮಾತಾಡ್ತಾನೆ ಅಂತ."

ಕೈ ಇಳಿಯಿತು. ಅತ್ತೆ ರೆಕಾರ್ಡ್ ನಿಲ್ಲಿಸಿ, ಮೆಮೊರಿ ಕಾರ್ಡ್ ತೆಗೆದು ಪರ್ಸಿಗೆ ಹಾಕಿಕೊಂಡರು. ಆಮೇಲೆ ಅವರ ದನಿ ಮೆತ್ತಗಾಯಿತು.

"ನಿಮ್ಮ ಆಸ್ತಿ ನಂಗೆ ಬೇಡ. ನಂಗೆ ಪೆನ್ಷನ್ ಬರುತ್ತೆ. ಆಯುಷ್ಯವೆಲ್ಲ ನಾನು ಬಾಯಿ ತೆರೆದ್ರೆ ಮಕ್ಕಳು ಹೆದರೋವ್ರು. ಈಗ ಒಬ್ರು ನಗ್ತಾರೆ. ಅದನ್ನ ಬಿಟ್ಟುಕೊಡೋಕೆ ನಾನು ತಯಾರಿಲ್ಲ. ಬರೋ ತಿಂಗಳು ಮದುವೆ ರಿಜಿಸ್ಟರ್ ಮಾಡ್ಸ್ಕೋತೀವಿ. ನೀನೂ ಬಾ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವರಿಗೆ ಯಾರಾದರೂ ಬೇಕಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಅತ್ತೆ ಆ ಕ್ಯಾಮೆರಾ ಕಟ್ಟಿಸಿಕೊಂಡರು, ನನಗಲ್ಲ, ಅದರ ನಿಜವಾದ ಓನರ್‌ಗೆ. ಚೌಕಾಸಿಯನ್ನೇ ಮಾಡಲಿಲ್ಲ.

ಲಾರಿಯ ಸಿಟ್ಟಿಗೆ ಈಗ ಉಳಿದಿದ್ದವನು ನಾನೊಬ್ಬ. ಬಾಗಿಲಲ್ಲಿ ನನ್ನ ಕಾಲರ್ ಹಿಡಿದ. ಇವತ್ತಲ್ಲ ನಾಳೆ ನಿನ್ನನ್ನು ಆಸ್ಪತ್ರೆಗೆ ಸೇರಿಸುತ್ತೇನೆ ಅಂತ ಹಲ್ಲು ಕಡಿದ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಇವನಪ್ಪ ನನಗೆ ಮಾವ ಆಗುತ್ತಾರೆ. ಇವನು ನನ್ನಾಕೆಗಿಂತ ದೊಡ್ಡವನು, ಅಂದರೆ ಅವಳಿಗೆ ಅಣ್ಣ. ಅಂದರೆ ನನಗೆ…

"ಸೇರ್ಸಿ ಭಾವ," ಅಂದೆ. "ಊಟದ ಕ್ಯಾರಿಯರ್ ಬರೋದೂ ಇನ್ನು ನಿಮ್ಮನೆಯಿಂದ್ಲೇ."