ಉಮಾಮಹೇಶ್ವರನ ಹಾಜರಿ

ಉಮಾಮಹೇಶ್ವರನೊಂದಿಗೆ ನಾನು ಮೊದಲ ಸಲ ಮಾತಾಡಿದ್ದು ಬೈಯುವುದಕ್ಕೆ. ಆಗ ಎರಡನೆಯ ಮಹಾಯುದ್ಧದ ಕಾಲ. ಶಿವಮೊಗ್ಗದ ಕಾಲೇಜಿನಲ್ಲಿ ನಮ್ಮ ಕ್ಲಾಸಿಗೆ ಹುಡುಗಿಯರು ನಾಲ್ಕೇ ಜನ. ಮೇಷ್ಟ್ರು ಬರುವವರೆಗೆ ಲೇಡೀಸ್ ರೂಮಿನಲ್ಲಿ ಕಾದಿದ್ದು, ಅವರ ಹಿಂದೆಯೇ ಒಳಗೆ ಹೋಗಿ, ಅವರ ಹಿಂದೆಯೇ ಹೊರಗೆ ಬರಬೇಕು. ಹುಡುಗರ ಜೊತೆ ಮಾತು ಎಂಬುದೇ ಇರಲಿಲ್ಲ. ಅಂಥ ರೂಮಿನ ಕಿಟಕಿಯಿಂದ ಒಂದು ಮಧ್ಯಾಹ್ನ ಫುಟ್‌ಬಾಲ್ ಹಾರಿ ಬಂದು ನನ್ನ ಬುತ್ತಿಯ ಮೇಲೆ ಬಿತ್ತು.

ಹೊರಗೆ ಬರಿಗಾಲಿನ ಉದ್ದನೆಯ ಹುಡುಗನೊಬ್ಬ ನೆಲ ನೋಡುತ್ತ ನಿಂತಿದ್ದ.

“ಬಾಲ್ ಕೊಡ್ತೀರಾ?”

“ರೊಟ್ಟಿ ಹಾಳು ಮಾಡಿದ್ದಕ್ಕೆ ನೀವೇನು ಕೊಡ್ತೀರಿ?”

“ನಾಳೆ ರೊಟ್ಟಿ ತರ್ತೀನಿ. ಯಾರ ಹೆಸರು ಹೇಳಿ ಕೊಡ್ಲಿ?”

“ಕರಿಬಸಮ್ಮ.”

“ನಮ್ಮಜ್ಜಿ ಹೆಸರು,” ಎಂದು ನಕ್ಕ.

“ಹಂಗಾದ್ರೆ ಕಾಲಿಗೆ ಬಿದ್ದು ಬಾಲ್ ಇಸ್ಕೊಂಡು ಹೋಗಿ.”

ಮರುದಿನ ರೊಟ್ಟಿ ಬರಲಿಲ್ಲ, ಬಾಲು ಬಂತು. ಆಮೇಲೆ ಬಾಲು ನಮ್ಮ ಕಿಟಕಿಗೇ ಬೀಳತೊಡಗಿತು. ಮಿಕ್ಕ ಮೂವರೂ ಬೇಕೆಂದೇ ಕೆಮ್ಮುತ್ತಿದ್ದರು. ಬಾಲು ಕೈಗೆ ಸಿಕ್ಕ ಮೇಲೆ ಅವನು ಒಂದೇ ಒಂದು ಸಲ ಕಣ್ಣೆತ್ತಿ ನೋಡಿ ಓಡುತ್ತಿದ್ದ. ಅದಕ್ಕಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಬಿಡಿ.

ಪರೀಕ್ಷೆ ಹತ್ತಿರ ಬಂದಾಗ ಭದ್ರಾವತಿಯ ಕಾರ್ಖಾನೆಯೊಂದರ ಟೀಮಿನವರು ಅವನ ಆಟ ನೋಡಿದರು. ಕೆಲಸ ಕೊಡುತ್ತೇವೆ, ಕಾಲೇಜು ಬಿಟ್ಟು ನಮಗೆ ಆಡು ಎಂದರು. ಒಂದು ವಾರ ಬಂದು ಆಡಿ ತೋರಿಸಬೇಕಂತೆ.

“ಇಂಟರ್ ಮುಗಿಸಿ ಹೋಗಿ,” ಎಂದೆ ಕಿಟಕಿಯಿಂದಲೇ. “ನಮ್ಮ ಅಪ್ಪಾಜಿ ವಕೀಲ್ರು. ಓದು ಬಿಟ್ಟೋರಿಗೆ ಬಾಗಿಲು ತೆಗೆಯಲ್ಲ.”

“ಬಾಗಿಲು ಯಾರಿಗೆ ತೆಗೀಬೇಕಿತ್ತು, ಮಾರಾಯ್ತಿ?” ಗೊತ್ತಿದ್ದೇ ಕೇಳಿದ.

“ಬಾಲ್ ಇಸ್ಕೊಳ್ಳೋಕೆ ಬರೋರಿಗೆ.”

ಅವನ ಕಿವಿ ಕೆಂಪಾಯಿತು. “ಪರೀಕ್ಷೆ ತನಕ ಕಾಯ್ತಾರಾ ಅಂತ ಅವರನ್ನ ಕೇಳ್ತೀನಿ,” ಎಂದು ಆ ವಾರದ ಆಟಕ್ಕೆ ಭದ್ರಾವತಿಗೆ ಹೋದ.

ಆಟದ ಹುಚ್ಚಿನಲ್ಲಿ ಅವನ ಹಾಜರಿ ಮೊದಲೇ ಕಡಿಮೆಯಾಗಿತ್ತು. ಇನ್ನೊಂದು ಕ್ಲಾಸ್ ತಪ್ಪಿದರೂ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಿದ್ದರು. ಅವನ ಬದಲು “ಪ್ರೆಸೆಂಟ್ ಸಾರ್” ಎನ್ನುವ ಕೆಲಸ ಗೆಳೆಯ ಲಕ್ಷ್ಮೀಕಾಂತನದು. ಶುಕ್ರವಾರ ಆ ಪುಣ್ಯಾತ್ಮನೇ ಜ್ವರ ಬಂದು ಮಲಗಿದ. ಶ್ರೀನಿವಾಸಮೂರ್ತಿ ಮೇಷ್ಟ್ರು ತಲೆ ಎತ್ತದೆ ಹೆಸರು ಕರೆಯುತ್ತಿದ್ದರು.

“ಉಮಾಮಹೇಶ್ವರ.”

ಯಾರೂ ಉಸಿರೆತ್ತಲಿಲ್ಲ.

“ಉಮಾಮಹೇಶ್ವರ?”

“ಪ್ರೆಸೆಂಟ್ ಸಾರ್.”

ಹಾಗೆಂದವಳು ನಾನು. ಹುಡುಗಿಯರ ಬೆಂಚಿನಿಂದ, ನನ್ನದೇ ದನಿಯಲ್ಲಿ.

ಇಡೀ ಕ್ಲಾಸ್ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಕನ್ನಡಕ ಇಳಿಸಿ ನನ್ನತ್ತ ನೋಡಿದರು. “ಗಂಟಲು ಸರಿಮಾಡ್ಕೊಳ್ಳಪ್ಪ, ಉಮಾಮಹೇಶ್ವರ,” ಎಂದು ಅವನಿಗೆ ಹಾಜರಿ ಹಾಕಿದರು. ದೊಡ್ಡ ಮನಸ್ಸಿನವರು.

ಊರಿನವರ ಮನಸ್ಸು ಅಷ್ಟು ದೊಡ್ಡದಲ್ಲ. ಸಂಜೆಯೊಳಗೆ ಸುದ್ದಿ ಕೋರ್ಟು ಮುಟ್ಟಿತ್ತು. ಅಪ್ಪಾಜಿ ಕೂಗಾಡಲಿಲ್ಲ. “ಇನ್ನು ಕಾಲೇಜು ಬೇಡ,” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಅವನ ಜಾಗ ಉಳಿಸಲು ಹೋಗಿ ನಾನು ನನ್ನ ಜಾಗ ಕಳೆದುಕೊಂಡೆ. ಮನೆಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಬೀದಿಯಲ್ಲಿ ಏನು ಬಿದ್ದ ಸದ್ದಾದರೂ ಬಾಲೇ ಇರಬೇಕೆಂದು ಕಿಟಕಿಗೆ ಓಡುತ್ತಿದ್ದೆ.

ಭಾನುವಾರ ಅವನೇ ಬಂದ. ಲಕ್ಷ್ಮೀಕಾಂತ ಎಲ್ಲ ಹೇಳಿದ್ದನಂತೆ. ಟೀಮಿನವರು ಕೊಟ್ಟ ಬೂಟುಗಳನ್ನು ಜಗುಲಿಯ ಕೆಳಗೆ ಬಿಚ್ಚಿಟ್ಟ. ಎರಡು ಹಿಮ್ಮಡಿಗಳಲ್ಲೂ ಬೊಬ್ಬೆ ಎದ್ದಿತ್ತು. ಅಪ್ಪಾಜಿ ಕೂರು ಎನ್ನಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ.

“ತಪ್ಪು ನನ್ನದು ಸಾರ್. ಅವರನ್ನ ಕಾಲೇಜಿಗೆ ಕಳಿಸಿ.”

“ಅದೇ ಕ್ಲಾಸಲ್ಲಿ ನೀನು ಕೂತಿರೋವಾಗ?”

“ಕಾರ್ಖಾನೆಯವರು ಪರೀಕ್ಷೆ ತನಕ ಕಾಯ್ತೀವಿ ಅಂದಿದ್ದಾರೆ. ಕಾಯೋದು ಬೇಡ ಅಂತೀನಿ. ನಾಳೆನೇ ಭದ್ರಾವತಿಗೆ ಹೋಗಿ ಸೇರ್ಕೊಳ್ತೀನಿ. ಈ ಕಡೆ ಬರಲ್ಲ.”

“ಮಾತು ಉಳಿಸ್ಕೊಳ್ತೀಯಾ?”

“ಉಳಿಸ್ಕೊಳ್ತೀನಿ ಸಾರ್.”

ನಾನು ಹೊಸಿಲು ದಾಟಿ ಬಂದೆ. “ನಂಗೆ ಕಾಲೇಜೇ ಬೇಡ,” ಎಂದೆ.

“ಬೇಕು,” ಎಂದ ಅವನು. ಅಪ್ಪಾಜಿಯ ಎದುರಿಗೇ ಕಣ್ಣೆತ್ತಿ ನನ್ನನ್ನು ನೋಡಿದ, ಈ ಸಲ ಓಡದೆ. “ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಆ ಪರೀಕ್ಷೆ ಬರೀಬೇಕು, ಕರಿಬಸಮ್ಮನೋರೆ. ರೊಟ್ಟಿ ಒಂದು ಬಾಕಿ ಉಳೀತು.”

ಬೂಟಿನ ದಾರ ಕಟ್ಟಲು ಅವನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ತುಂಬ ಹೊತ್ತು ಹಿಡಿಯಿತು. ಅವನು ಬೀದಿಯ ಕೊನೆ ದಾಟುವ ಮೊದಲೇ ನಾನು ಅತ್ತುಬಿಟ್ಟೆ.

ಸೋಮವಾರ ಮೇಷ್ಟ್ರ ಹಿಂದೆ ಕ್ಲಾಸಿಗೆ ಹೋದೆ. ಅವನ ಹೆಸರು ಬರಬೇಕಾದಲ್ಲಿ ಅವರು ಒಂದು ಗಳಿಗೆ ತಡೆದು ಮುಂದಿನದಕ್ಕೆ ಹೋದರು. ನಾನು ತುಟಿ ಕಚ್ಚಿಕೊಂಡು ಕುಳಿತಿದ್ದೆ. ಹುಡುಗಿಯರ ಹೆಸರು ಕೊನೆಯಲ್ಲಿ.

“ಕರಿಬಸಮ್ಮ.”

ನನ್ನ ಜೀವವೆಲ್ಲ ಭದ್ರಾವತಿಯ ಮೈದಾನದ ಅಂಚಿನಲ್ಲಿತ್ತು.

“ಪ್ರೆಸೆಂಟ್ ಸಾರ್,” ಎಂದೆ. ಆ ಬೆಂಚಿನಲ್ಲಿ ಕುಳಿತು ನಾನು ಹೇಳಿದ ಎರಡನೆಯ ಸುಳ್ಳು ಅದು.