ಮಣ್ಣಿನ ನಾಲಿಗೆ

"ಅದನ್ನ ಹೊಳೆಗೆ ಹಾಕಿ ಬನ್ನಿ. ಮನೆಯೊಳಗೆ ತರಬೇಡಿ," ಎಂದಳು ಹೆಂಡತಿ, ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು.

ಗಂಡ ನಕ್ಕ. ಮೊದಲ ಸಲ ಶಾಸಕನಾಗಿ ಇನ್ನೂ ವರ್ಷ ಕಳೆದಿರಲಿಲ್ಲ. ಎಲ್ಲದಕ್ಕೂ ನಗುವ ಕಾಲ ಅದು. ಅವನ ಅಂಗೈಯಲ್ಲಿದ್ದದ್ದು ಹಸಿ ಮಣ್ಣಿನಲ್ಲಿ ಮಾಡಿದ ಒಂದು ನಾಲಿಗೆ. ಮನುಷ್ಯನ ನಾಲಿಗೆಯಷ್ಟೇ ದಪ್ಪ, ನಡುವೆ ಅಂಥದೇ ಗೀರು. ಮೂಗಿನ ಹತ್ತಿರ ತಂದರೆ ಹೊಳೆಯ ತಳದ ಕೆಸರಿನ ವಾಸನೆ, ಅದರ ಹಿಂದೆಯೇ ಸುಟ್ಟ ಕೂದಲಿನ ವಾಸನೆ.

ಕೊಟ್ಟವಳು ಹೊಳೆಯಾಚೆಯ ಕುಂಬಾರ ಮುದುಕಿ. ಆಚೆ ದಡಕ್ಕೆ ಸೇತುವೆ ಕಟ್ಟುವ ಪ್ರಸ್ತಾಪ ಸದನಕ್ಕೆ ಬಂದಾಗ ಇವನು ಎದ್ದು ನಿಂತು "ಬೇಡ" ಎಂದಿದ್ದ. ಸೇತುವೆಯಾದರೆ ಕಂಡಕಂಡವರು ಈಚೆ ಬರುತ್ತಾರೆ, ಹಿರಿಯರ ಕಾಲದ ರೀತಿ ನೀತಿ ಕೆಡುತ್ತದೆ ಎಂಬುದು ಅವನ ವಾದ. ಅವನ ಮತಗಳೆಲ್ಲ ಈಚೆ ದಡದಲ್ಲೇ ಇದ್ದವು ಅನ್ನುವುದು ಬೇರೆ ಮಾತು. ಆ ಮಳೆಗಾಲದಲ್ಲಿ ಮುದುಕಿಯ ಸೊಸೆ ಹೆರಿಗೆ ನೋವು ತಿನ್ನುತ್ತಾ ದೋಣಿಯಲ್ಲೇ ಸತ್ತಳು. ಹೊಟ್ಟೆಯೊಳಗಿನ ಕೂಸೂ ಉಳಿಯಲಿಲ್ಲ.

ಮುದುಕಿ ಅಳಲಿಲ್ಲ, ಬೈಯಲೂ ಇಲ್ಲ. ನೇರ ಬಂದು ಅವನ ಕೈಗೆ ಅದನ್ನಿಟ್ಟಳು.

"ನನ್ನ ಸೊಸೆ ಕೂದಲು ಸುಟ್ಟು ಕಲಸಿದೀನಿ. ಇದು ನಿಂದು. ಇನ್ನುಮೇಲೆ ಆ ಸಭೇಲಿ ನೀನು ಯಾವುದನ್ನ ಬೇಡ ಅಂತೀಯೋ, ಅದು ನಿನ್ನ ಮನೆಗೂ ಬೇಡವಾಗ್ಲಿ."

ಅವನು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹೆಂಡತಿಯ ಕೈಯನ್ನು ಸರಿಸಿ ಒಳಗೆ ಹೋದವನು ನಾಲಿಗೆಯನ್ನು ಮೇಜಿನ ಮೇಲಿಟ್ಟ. ಕಾಗದ ಹಾರದಂತೆ ಭಾರಕ್ಕೆ ಒಳ್ಳೆಯದಾಯಿತು ಎಂದ.

ಮುಂದಿನ ಅಧಿವೇಶನದಲ್ಲಿ ಆಚೆ ದಡಕ್ಕೆ ಕರೆಂಟು ಎಳೆಯುವ ಮಾತು ಬಂತು. ಬೇಡ ಎಂದ. ಅದೇ ವಾರ ಅವನ ಮನೆಯ ದೀಪಗಳು ಆರಿದವು. ಲೈನ್‌ಮನ್ ತಂತಿಯೆಲ್ಲ ಬಿಚ್ಚಿ ನೋಡಿದ, ಕೆಟ್ಟದ್ದೇನೂ ಇರಲಿಲ್ಲ. ಇವರ ಮನೆಯ ಬಲ್ಬು ಪಕ್ಕದ ಮನೆಯಲ್ಲಿ ಉರಿಯುತ್ತಿತ್ತು, ಪಕ್ಕದ ಮನೆಯದು ಇಲ್ಲಿ ಸತ್ತುಬಿಡುತ್ತಿತ್ತು. ರಾಜಧಾನಿಯಲ್ಲಿ ಅವನಿಗೆ ಕೊಟ್ಟ ಕೋಣೆಯಲ್ಲೂ ಅದೇ ಕತೆ. ಕೊನೆಗೆ ಎಣ್ಣೆ ದೀಪ ಹಚ್ಚಿಕೊಂಡ. ಜನ ಏನೆಂದರು ಗೊತ್ತೇ? "ನೋಡ್ರಪ್ಪ, ಶಾಸಕ ಆದ್ರೂ ಹಳೇ ಕಾಲದ ಥರಾನೇ ಬದುಕ್ತಾರೆ!" ಮುಂದಿನ ಚುನಾವಣೆಯಲ್ಲಿ ಮತ ಇಮ್ಮಡಿಯಾಯಿತು. ಯಾರೋ ಪ್ರೀತಿಯಿಂದ ಬೇಡಪ್ಪ ಎಂದು ಕರೆದರು. ಆ ಹೆಸರೇ ನಿಂತಿತು.

ಆಮೇಲೆ ಆಚೆ ದಡದ ಶಾಲೆ. ಬೇಡ ಎಂದ. ತರಗತಿಗೇ ಮೊದಲಿಗನಾಗಿದ್ದ ಮಗ ಒಂದು ಬೆಳಿಗ್ಗೆ ಪುಸ್ತಕ ಹಿಡಿದು ಅಳುತ್ತಾ ಬಂದ.

"ಅಪ್ಪಾ, ಅಕ್ಷರ ಎಲ್ಲಾ ಓಡಾಡ್ತಿವೆ. ಒಂದೂ ನಿಲ್ತಿಲ್ಲ."

ಹೆಂಡತಿ ಮೇಜಿನತ್ತ ಬೊಟ್ಟು ಮಾಡಿದಳು. ಎಂದೋ ಒಣಗಿದ್ದ ಮಣ್ಣಿನ ನಾಲಿಗೆ ಒದ್ದೆಯಾಗಿ, ಕೆಳಗಿನ ಕಾಗದವೆಲ್ಲ ತೊಯ್ದಿತ್ತು. ಗಾಳಿಯಲ್ಲಿ ತೇವ ಜಾಸ್ತಿ ಎಂದ ಬೇಡಪ್ಪ. ಮಗ ಹೊಲ ನೋಡಿಕೊಳ್ಳಲಿ ಎಂದ. ಮಗನನ್ನು ಪೇಟೆಗೆ ಕಳಿಸದೆ ಮಣ್ಣಿಗೇ ಬಿಟ್ಟ ಶಾಸಕ ಎಂದು ಜನ ಮತ್ತೆ ಗೆಲ್ಲಿಸಿದರು. ಇಂಥ ಗೆಲುವಿನ ರುಚಿ ಹತ್ತಿದ ಮನುಷ್ಯನಿಗೆ ಯಾವ ಎಚ್ಚರಿಕೆ ತಾನೇ ನಾಟೀತು?

ಹಾಗೆಯೇ ತಲೆ ನರೆಯಿತು. ಮಗಳು ಬಸುರಿಯಾದಳು. ಅವನಿಗೆ ಅವಳೆಂದರೆ ಪ್ರಾಣ. ಆ ಕತ್ತಲ ಮನೆಯಲ್ಲಿ ನಗು ಅಂತ ಉಳಿದಿದ್ದರೆ ಅವಳದೊಂದೇ. ರಾಜಧಾನಿಯ ದೊಡ್ಡಾಸ್ಪತ್ರೆಗೇ ಸೇರಿಸಿದ್ದ.

ಅದೇ ಅಧಿವೇಶನಕ್ಕೆ ಆಚೆ ದಡದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿ ಡಾಕ್ಟರನ್ನು ಕೂರಿಸುವ ಮಸೂದೆ ಬಂತು. ಹಿಂದಿನ ವಾರವೇ ಬೇಡಪ್ಪ, ಬಾಯಿಮಾತು ಸಾಲದೆಂದು, ಮೊದಲ ಸಲ ಒಂದು ಸೂಚನೆ ಬರೆದುಕೊಟ್ಟಿದ್ದ: ಈ ಮಸೂದೆಯನ್ನು ತಿರಸ್ಕರಿಸಬೇಕು. ಸದನದ ಪದ್ಧತಿಯಂತೆ ಮೊದಲು ಅಂಥ ಸೂಚನೆ ಮತಕ್ಕೆ ಬರುತ್ತದೆ. ಅದು ಬಿದ್ದರೆ ಮಾತ್ರ ಮಸೂದೆಯ ಸರದಿ.

ಮತದಾನದ ದಿನ ಬೆಳಿಗ್ಗೆ, ಕಾಗದಗಳ ಜೊತೆ ರಾಜಧಾನಿಗೆ ಬಂದಿದ್ದ ಮಣ್ಣಿನ ನಾಲಿಗೆ ಮತ್ತೆ ಒದ್ದೆಯಾಗಿತ್ತು. ಮುಟ್ಟಿ ನೋಡಿದ. ಬೆಚ್ಚಗಿತ್ತು. ದಾರಿಯಲ್ಲಿ ಎಲ್ಲಾದರೂ ಎಸೆಯೋಣವೆಂದು ಜೇಬಿಗಿಳಿಸಿದ, ಎಸೆಯಲು ಕೈ ಬರಲಿಲ್ಲ.

ಮಧ್ಯಾಹ್ನ ಫೋನು ಬಂತು. ಬೇಡಪ್ಪ ಮೊಗಸಾಲೆಗೆ ಹೋದ. ಹೆಂಡತಿ.

"ನೋವು ಶುರುವಾಗಿದೆ. ಡಾಕ್ಟರ್ ಇಲ್ಲೇ ಇದ್ದಾರೆ, ಏನೂ ಭಯ ಇಲ್ಲ ಅಂತಿದ್ದಾರೆ. ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದಿನ ಬೇಡ ಅನ್ಬೇಡಿ."

"ಅನ್ನಲ್ಲ ಕಣೇ," ಎಂದ. "ನಮ್ಮವರು ಒದ್ದು ಹೊರಗೆ ಹಾಕಿದ್ರೂ ಸರಿ. ಇವತ್ತು ಹೌದು ಅಂತೀನಿ."

ಒಳಗೆ ಗಂಟೆ ಬಾರಿಸತೊಡಗಿತು. ಗಂಟೆ ನಿಂತರೆ ಬಾಗಿಲು ಹಾಕುತ್ತಾರೆ. ಓಡಿದ. ಹಳೆಯ ಜಮಖಾನದ ಧೂಳು ಮೂಗಿಗೆ ಹೊಡೆಯಿತು. ಎದೆಯ ಜೇಬಿನಲ್ಲಿ ಏನೋ ಮಿಸುಕಿತು. ಬಾಗಿಲು ಬೆನ್ನ ಹಿಂದೆಯೇ ಮುಚ್ಚಿತು. ಸಾಲು ಸಾಲಾಗಿ ಮತ ಕೇಳಿದರು, ಅವನ ಕಿವಿಗೆ ಏನೂ ಬೀಳಲಿಲ್ಲ. ಎರಡೂ ಕಡೆ ಸಮಸಮ. ಸಭಾಧ್ಯಕ್ಷರು ಇವನತ್ತ ತಿರುಗಿದರು.

"ಕೊನೆಯ ಮತ ನಿಮ್ಮದು. ಹೌದೋ, ಇಲ್ಲವೋ?"

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನಿಗೆ ಕಂಡದ್ದು ಮಗಳ ಮುಖ.

"ಹೌದು!" ಎಂದು ಕಿರುಚಿದ. "ಹೌದು, ಹೌದು!"

ಮೇಜು ಕುಟ್ಟುವ ಸದ್ದು ಎದ್ದಿತು. ಕುಟ್ಟುತ್ತಿದ್ದವರು ಅವನ ಪಕ್ಷದವರೇ. ಪಕ್ಕದವನು ಬೆನ್ನು ತಟ್ಟಿದ. "ಗೆದ್ದುಬಿಟ್ರಿ ಬೇಡಪ್ಪನೋರೇ, ಆಸ್ಪತ್ರೆ ಕತೆ ಮುಗೀತು!"

ಬೇಡಪ್ಪ ಸಭಾಧ್ಯಕ್ಷರತ್ತ ತಿರುಗಿ ಕೂಗಿದ. "ನಾನು ಆಸ್ಪತ್ರೆಗೆ ಹೌದು ಅಂದದ್ದು, ಆಸ್ಪತ್ರೆಗೆ!"

"ಮಾನ್ಯ ಸದಸ್ಯರೇ, ಮತಕ್ಕೆ ಹಾಕಿದ್ದು ಮಸೂದೆಯನ್ನಲ್ಲ. ಅದನ್ನು ತಿರಸ್ಕರಿಸಬೇಕೆಂಬ ನಿಮ್ಮದೇ ಸೂಚನೆಯನ್ನು. ಒಮ್ಮೆ ಕೊಟ್ಟ ಮತ ಹಿಂದಕ್ಕೆ ಬರುವುದಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬದುಕಿನುದ್ದಕ್ಕೂ ಬೇಡ ಎಂದವನು ಒಂದೇ ಸಲ ಹೌದು ಎಂದಿದ್ದ, ಅದೂ ತನ್ನ ಬೇಡಕ್ಕೇ. ಜೇಬು ತಡಕಿದ. ಖಾಲಿ. ಬಾಯೊಳಗೆ ಕೆಸರಿನ ರುಚಿ ತುಂಬಿಕೊಂಡಿತು.

ಆಸ್ಪತ್ರೆಗೆ ಹೇಗೆ ತಲುಪಿದನೋ. ಅವನು ನಡೆದಂತೆ ಕಾರಿಡಾರಿನ ದೀಪಗಳು ಒಂದೊಂದಾಗಿ ಆರಿದವು. ಔಷಧಿಯ ವಾಸನೆ. ಅದರೊಳಗೆ ಸುಟ್ಟ ಕೂದಲಿನ ವಾಸನೆ. ಕತ್ತಲ ಕೋಣೆಯಲ್ಲಿ ಮಗಳು ನರಳುತ್ತಿದ್ದಳು. ಮಂಚದ ಪಕ್ಕ ಡಾಕ್ಟರಮ್ಮ ನಿಂತಿದ್ದರು, ಬೆವರಿ ತೊಪ್ಪೆಯಾಗಿ. ಅವರ ಕೈಗಳು ಮುಂದೆ ಬರುತ್ತಿದ್ದವು. ಗೇಣು ದೂರದಲ್ಲಿ ನಿಲ್ಲುತ್ತಿದ್ದವು. ಮತ್ತೆ ಬಂದವು. ಮತ್ತೆ ನಿಂತವು.

"ಮುಟ್ಟಕ್ಕಾಗ್ತಿಲ್ಲ," ಎಂದು ಅವರು ಅತ್ತರು. "ಯಾರೋ ಕೈ ಹಿಡ್ಕೊಂಡ ಹಾಗಾಗ್ತಿದೆ."

ಮಗಳು ಅಪ್ಪನ ಬೆರಳು ಹಿಡಿದಳು. "ಅಪ್ಪಾ, ನೀನು ಹೇಳಪ್ಪಾ ಅವರಿಗೆ. ನೀನು ಹೇಳಿದ್ರೆ ಎಲ್ಲಾ ಕೇಳ್ತಾರೆ."

ಅವನು ಬಾಯಿ ತೆರೆದ. ಮುಟ್ಟಿ ಎನ್ನಬೇಕಿತ್ತು. ಕಾಪಾಡಿ ಎನ್ನಬೇಕಿತ್ತು. ನಾಲಿಗೆ ಭಾರವಾಗಿ, ಒದ್ದೆಯಾಗಿ, ಬಾಯೊಳಗೆ ತಾನಾಗಿಯೇ ಹೊರಳಿತು.

"ಬೇಡ," ಎಂದ.

ಬೆರಳು ಹಿಡಿದಿದ್ದ ಕೈ ಸಡಿಲವಾಯಿತು.

ಕೂಸನ್ನು ಹೇಗೋ ಹೊರಗೆ ತೆಗೆದವಳು ಹೆಂಡತಿ, ತನ್ನ ಬರಿಗೈಯಿಂದ. ಹೆಣ್ಣು ಕೂಸು. ಅದು ಉಳಿಯಿತು, ತಾಯಿ ಉಳಿಯಲಿಲ್ಲ. ಅಂದಿನಿಂದ ಬೇಡಪ್ಪನ ಬಾಯಿಂದ ಅದೊಂದು ಮಾತು ಬಿಟ್ಟು ಬೇರೆ ಬರುವುದಿಲ್ಲ. ಮುಂದಿನ ಚುನಾವಣೆಗೆ ಪಕ್ಷದವರು ಮನೆಗೆ ಬಂದು ಮತ್ತೆ ನಿಲ್ಲಬೇಕೆಂದರು. "ಬೇಡ, ಬೇಡ," ಎಂದು ಅವನು ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತ. ದುಃಖದಲ್ಲೂ ಎಂಥ ವಿನಯ ಎಂದು ಅವರು ಕೊಂಡಾಡಿದರು. ಜನ ಹಿಂದೆಂದೂ ಕಾಣದಷ್ಟು ಅಂತರದಲ್ಲಿ ಗೆಲ್ಲಿಸಿದರು. ಈಗಲೂ ಸದನದಲ್ಲಿ ಅವನ ಜಾಗ ಅದೇ.

ಮೊಮ್ಮಗಳು ಈಗ ನಡೆಯುತ್ತಾಳೆ. ಎಣ್ಣೆ ದೀಪದ ಮಂಕು ಬೆಳಕಿನಲ್ಲಿ "ತಾತಾ, ಎತ್ಕೋ" ಎಂದು ಕೈ ಚಾಚಿ ಬರುತ್ತಾಳೆ. ಬೇಡಪ್ಪ ಗೋಡೆಯವರೆಗೂ ಹಿಂದೆ ಸರಿದು, ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಳ್ಳುತ್ತಾನೆ.