ಪ್ರೇಮಕ್ಕ ಹೇಳುವ ಮೊದಲು

೨೦೦೮ರಲ್ಲಿ ನಾನು ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಕಡಹಿನಬೈಲಿನ ಗೊಬ್ಬರದ ಗೋಡೌನಿಗೆ ಒಂದು ಲಿನಕ್ಸ್ ಕಂಪ್ಯೂಟರ್ ಕೂರಿಸಿ, ಅದರ ಪರದೆಯನ್ನು ನನ್ನ ಅಂಗಡಿಯಿಂದಲೇ ತೆರೆಯಲು ವಾರದಿಂದ ಒದ್ದಾಡುತ್ತಿದ್ದೆ. ಆ ಮಧ್ಯಾಹ್ನ ಅದು ತಾನಾಗಿಯೇ ತೆರೆದುಕೊಂಡಿತು. ಖುಷಿಯಲ್ಲಿ, ಗೋಡೌನ್ ನೋಡಿಕೊಳ್ಳುವ ಪ್ರೇಮಕ್ಕನಿಗೆ ಫೋನ್ ಮಾಡಿದೆ.

"ಸರಿಯಾಯ್ತು ಪ್ರೇಮಕ್ಕ. ನಿಮ್ಮ ಕಂಪ್ಯೂಟರ್ ಇಲ್ಲಿ ಕಾಣ್ತಿದೆ."

"ಎಂತ ಕಾಣ್ತದೆ ಮಾರಾಯ? ಬೆಳಿಗ್ಗೆಯಿಂದ ಕರೆಂಟೇ ಇಲ್ಲ."

ಪರದೆಯ ಮೇಲೆ ಆ ಮಾತೇ ಟೈಪಾಗಿ ನಿಂತಿತ್ತು. ಆ ಕಂಪ್ಯೂಟರಿಗೆ ನಾನು ಕನ್ನಡ ಅಕ್ಷರ ಹಾಕಿಯೇ ಇರಲಿಲ್ಲ. ನೋಡುತ್ತಿದ್ದಂತೆ ಕೆಳಗೆ ಎರಡನೆಯ ಸಾಲು ಮೂಡಿತು: "ಯಾಕೆ ಸುಮ್ನಾದೆ?"

"ಯಾಕೆ ಸುಮ್ನಾದೆ?" ಎಂದರು ಪ್ರೇಮಕ್ಕ.

ಮೂರನೆಯ ಸಾಲು ಬಂತು: "ಯಾರೋ ಶಟರ್ ಬಡಿತಿದಾರೆ. ನೋಡಿ ಬರ್ತೀನಿ, ಇರು."

ಫೋನಿನಲ್ಲಿ ಆಗಿನ್ನೂ ಯಾವ ಬಡಿತವೂ ಇರಲಿಲ್ಲ. ಆಮೇಲೆ ಕೇಳಿಸಿತು.

"ಹೋಗಬೇಡಿ" ಎಂದು ನಾನು ಹೇಳುವಷ್ಟರಲ್ಲಿ ಅವರು ಪರದೆಯ ಮೇಲಿದ್ದ ಮಾತನ್ನೇ ಹೇಳಿ ರಿಸೀವರನ್ನು ಮೇಜಿನ ಮೇಲಿಟ್ಟರು. ಶಟರ್ ಮೇಲೆದ್ದ ಸದ್ದಾಯಿತು.

ಪ್ರೇಮಕ್ಕನ ಮುಂದಿನ ಮಾತಿಗಾಗಿ ನಾನು ಪರದೆಯನ್ನೇ ನೋಡುತ್ತ ಕೂತೆ. ಕರ್ಸರ್ ಮಿನುಗುತ್ತಲೇ ಇತ್ತು. ನಾಲ್ಕನೆಯ ಸಾಲು ಬರಲಿಲ್ಲ.